ಕಡಲು ತೆರೆಯುತ್ತದಂತೆ, ಕಾಂಬ

ಶಾಲೆಗೆ ರಜೆ ಮುಗಿಯುವುದು ಯಾವತ್ತು ಎಂದು ಯಾರಾದರೂ ಕೇಳಿದರೆ ನಾನು ಥಟ್ಟನೆ ತಾರೀಖು ಹೇಳಬಲ್ಲೆ. ಇಷ್ಟು ವರ್ಷ ಪಾಠ ಹೇಳಿದವಳಿಗೆ ಅದೇನೂ ದೊಡ್ಡ ಸಂಗತಿಯಲ್ಲ. ಆ ತಾರೀಖು ಪೂರ್ತಿ ತಲೆಕೆಳಗಾದದ್ದನ್ನು ನಾನು ನೋಡಿದ್ದು ಕೊರೋನಾ ಬಂದಾಗ ಮಾತ್ರ. ಆದರೆ ಕಡಲಿಗೂ ಒಂದು ರಜೆಯುಂಟು. ಅದು ಶುರುವಾಗುವ ದಿನ, ಮುಗಿಯುವ ದಿನ ಎರಡೂ ಸರಕಾರದ ಕಾಗದದಲ್ಲಿ ಅಚ್ಚಾಗಿರುತ್ತವೆ. ಆದರೂ ಕಡಲು ನಿಜವಾಗಿ ಯಾವತ್ತು ತೆರೆಯುತ್ತದೆ ಎಂದು ಕೇಳಿದರೆ ಕರಾವಳಿಯಲ್ಲಿ ಯಾವ ಗಂಡಸೂ ಯಾವ ಹೆಂಗಸೂ ನೇರ ಉತ್ತರ ಕೊಡುವುದಿಲ್ಲ. ನಮ್ಮ ಕುಂದಾಪುರದ ಕಡೆ ಇದಕ್ಕೆಂದೇ ಒಂದು ಮಾತಿದೆ: ‘ಕಾಂಬ’. ನೋಡೋಣ ಎಂದು ಅರ್ಥ. ಆ ಎರಡಕ್ಷರದಲ್ಲಿ ಆಸೆಯೂ ಇದೆ, ಅಂಜಿಕೆಯೂ ಇದೆ, ಕಡಲಿನ ಮೇಲೆ ಅಧಿಕಾರ ಚಲಾಯಿಸಬಾರದು ಎಂಬ ಮರ್ಯಾದೆಯೂ ಇದೆ.

ನಾನು ಮಾರತ್ತಹಳ್ಳಿಯಲ್ಲಿ ಸಂಸಾರ ಹೂಡಿದವಳು. ನಮ್ಮ ಮನೆಯವರು ಬಯಲುಸೀಮೆಯವರು. ಕೆರೆ ಬಲ್ಲರು, ಕಡಲು ಅರಿಯರು. ಮದುವೆಯಾದ ಹೊಸತರಲ್ಲಿ ನಾನು ‘ಕಡಲು ಇನ್ನೂ ತೆರೆದಿಲ್ಲವಂತೆ’ ಎಂದಾಗ ಅವರು ಪತ್ರಿಕೆ ಕೆಳಗಿಟ್ಟು, ‘ಸಮುದ್ರಕ್ಕೂ ಬೀಗ ಹಾಕುತ್ತಾರೇನೇ?’ ಎಂದು ಗಂಭೀರವಾಗಿ ಕೇಳಿದ್ದರು. ಹಾಕುತ್ತಾರೆ. ನಮ್ಮ ರಾಜ್ಯದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಂತ್ರದ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಇದಕ್ಕೆ 1986ರ ಕಾಯ್ದೆಯ ಬಲವಿದೆ. ಮೊದಲು ಈ ರಜೆ ಇನ್ನೂ ಚಿಕ್ಕದಿತ್ತು. 2015ರಿಂದ 61 ದಿನವಾಯಿತು. ಕಾರಣ ಎರಡು. ಒಂದು, ಮಳೆಗಾಲದ ಕಡಲು ಮನುಷ್ಯರನ್ನು ಸಹಿಸುವುದಿಲ್ಲ. ಇನ್ನೊಂದು, ಬಹಳಷ್ಟು ಮೀನುಗಳು ಮೊಟ್ಟೆಯಿಡುವುದು ಆ ದಿನಗಳಲ್ಲೇ. ಬಸುರಿಯನ್ನು ಹಿಡಿಯಬಾರದು ಎಂಬ ಧರ್ಮ ಇದು. ಕಾನೂನು ಬರುವುದಕ್ಕೆ ಮೊದಲೇ ನಮ್ಮ ಹಿರಿಯರು ಅದನ್ನು ಪಾಲಿಸುತ್ತಿದ್ದರು, ಅವರಿಗೆ ಮಳೆಗಾಲದಲ್ಲಿ ಬೇರೆ ದಾರಿಯೂ ಇರಲಿಲ್ಲ ಎನ್ನಿ.

ಹತ್ತು ಅಶ್ವಶಕ್ತಿಯವರೆಗಿನ ಎಂಜಿನ್ ಇರುವ ನಾಡದೋಣಿಗಳಿಗೆ ಮಾತ್ರ ಈ ಎರಡು ತಿಂಗಳೂ ಅವಕಾಶವಿದೆ. ಆದರೆ ಅವರಿಗೂ ಒಂದು ಕಾಯುವಿಕೆ ಇದೆ. ಮಳೆಗಾಲದ ಮೊದಲ ದೊಡ್ಡ ತೂಫಾನ್ ಎದ್ದು, ಕಡಲು ತಳಮಟ್ಟ ಕದಡಿ, ಕೆಸರೆಲ್ಲ ಮೇಲೆದ್ದು ಮತ್ತೆ ತಣ್ಣಗಾಗಬೇಕು. ಆಗ ಸಿಗಡಿ, ಮೀನು ದಡದ ಹತ್ತಿರ ಬರುತ್ತವೆ ಎಂದು ಅವರ ಲೆಕ್ಕ. ತೂಫಾನ್ ಆಗದಿದ್ದರೆ ಬಲೆ ಬರಿದು. ಊರೆಲ್ಲ ಗಾಳಿ ಬಾರದಿರಲಿ ಎಂದು ಬೇಡುವಾಗ ಗಾಳಿ ಬರಲಿ ಎಂದು ಹರಕೆ ಹೊರುವವರೂ ಇದ್ದಾರೆ ಎಂಬುದನ್ನು ನಾನು ಮಕ್ಕಳಿಗೆ ಪಾಠದಲ್ಲಿ ಹೇಳಿದರೆ ಅವರು ನಗುತ್ತಾರೆ.

ನಮ್ಮ ಊರು ಗಂಗೊಳ್ಳಿ ಹೊಳೆಯ ಈಚೆ ದಡದಲ್ಲಿ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಎಂಬ ಐದು ನದಿಗಳು ಅಲ್ಲಿ ಒಂದಾಗಿ ಪಂಚಗಂಗಾವಳಿ ಎನಿಸಿಕೊಂಡು ಕಡಲು ಸೇರುತ್ತವೆ. ಹೊಳೆ ಕಡಲನ್ನು ಸೇರುವ ಆ ಬಾಯಿಯನ್ನು ಅಳಿವೆ ಎನ್ನುತ್ತೇವೆ. ಬೋಟುಗಳು ನಿಲ್ಲುವುದು ಹೊಳೆಯಲ್ಲಿ, ದುಡಿಯುವುದು ಕಡಲಿನಲ್ಲಿ. ನಡುವೆ ಈ ಅಳಿವೆ. ಮಳೆಗಾಲದಲ್ಲಿ ಹೊಳೆ ಹೊತ್ತು ತಂದ ಹೂಳು ಅಲ್ಲಿ ನಿಂತರೆ, ಮೇಲಿಂದ ಅಲೆ ಎದ್ದರೆ, ಎಂಥ ತಂಡೇಲನೂ ಒಮ್ಮೆ ದೇವರನ್ನು ನೆನೆಯುತ್ತಾನೆ. ಬೋಟು ನಡೆಸುವ ಮುಖ್ಯಸ್ಥನಿಗೆ ತಂಡೇಲ ಎಂದು ಹೆಸರು. ಅವನ ಕೈಕೆಳಗೆ ದುಡಿಯುವವರು ಕಲಾಸಿಗಳು. ಆದ್ದರಿಂದ ಆಗಸ್ಟ್ 1 ಎಂದು ಸರಕಾರ ಹೇಳಿದ ಮಾತ್ರಕ್ಕೆ ಕಡಲು ತೆರೆದಂತಲ್ಲ. ಹವಾಮಾನ ಇಲಾಖೆ ಮೀನುಗಾರರಿಗೆ ಎಚ್ಚರಿಕೆ ಕೊಟ್ಟರೆ ನಿಲ್ಲಬೇಕು. ಅಳಿವೆ ದಾರಿ ಕೊಡದಿದ್ದರೆ ನಿಲ್ಲಬೇಕು. ಊರಿಗೆ ಹೋದ ಕಲಾಸಿಗಳು ಬರದಿದ್ದರೆ ನಿಲ್ಲಬೇಕು. ಎಲ್ಲಕ್ಕೂ ಮೇಲೆ ನೂಲ ಹುಣ್ಣಿಮೆ ಇದೆ. ಶ್ರಾವಣದ ಆ ಹುಣ್ಣಿಮೆಯಂದು ಕಡಲಿಗೆ ಹಾಲೆರೆದು ತೆಂಗಿನಕಾಯಿ ಒಪ್ಪಿಸಿ ಪೂಜೆ ಮಾಡುತ್ತಾರೆ; ಮಲ್ಪೆಯಲ್ಲಂತೂ ವಡಭಾಂಡೇಶ್ವರದ ಕಡಲ ತೀರದಲ್ಲಿ ಅದು ದೊಡ್ಡ ಸಂಭ್ರಮ. ಹಳಬರ ಮಟ್ಟಿಗೆ ಕಡಲು ತೆರೆಯುವುದು ಆವತ್ತೇ. 2023ರಲ್ಲಿ ಅಧಿಕ ಶ್ರಾವಣ ಬಂದು ಆ ಹುಣ್ಣಿಮೆ ಆಗಸ್ಟ್ ಕೊನೆಗೆ ಹೋಯಿತು. ಸರಕಾರದ ಪಂಚಾಂಗಕ್ಕೂ ದೇವರ ಪಂಚಾಂಗಕ್ಕೂ ಒಂದು ತಿಂಗಳ ಅಂತರ ಬಿದ್ದರೆ ಬೋಟಿನ ಸಾಲಕ್ಕೆ ಕಂತು ಕಟ್ಟುವವನು ಯಾವುದನ್ನು ನಂಬಬೇಕು, ಹೇಳಿ.

ನನ್ನ ಅಬ್ಬಿ ಮೀನಿನ ಬುಟ್ಟಿ ಹೊತ್ತು ಮನೆ ಮನೆಗೆ ಹೋಗಿ ಮಾರಿದವಳು. ನನ್ನ ಬಿ.ಎ., ಬಿ.ಎಡ್. ಎರಡೂ ಆ ಬುಟ್ಟಿಯಲ್ಲೇ ಬಂದದ್ದು. ನಾನು ತೀರ ಚಿಕ್ಕವಳಿದ್ದಾಗ ಅಪ್ಪಯ್ಯ ರಂಪಣಿಯಲ್ಲಿ ಪಾಲುಗಾರರಾಗಿದ್ದರು. ರಂಪಣಿ ಎಂದರೆ ದಡದಿಂದ ಎಳೆಯುವ ಬಹು ದೊಡ್ಡ ಬಲೆ. ಒಂದು ಬಲೆಗೆ ಹತ್ತಾರು ಜನ ಪಾಲುಗಾರರು. ಎಳೆಯುವುದಕ್ಕೆ ಊರಿಗೆ ಊರೇ. ಬಂಗುಡೆಯ ಹಿಂಡು ಬಂದರೆ ಕಡಲಿನ ಬಣ್ಣವೇ ಬೇರೆಯಾಗುತ್ತಿತ್ತಂತೆ. ಹಗ್ಗಕ್ಕೆ ಕೈಹಚ್ಚಿದ ಮಕ್ಕಳಿಗೂ ಒಂದು ಹಿಡಿ ಮೀನು ಸಿಗುತ್ತಿತ್ತು. ಎಪ್ಪತ್ತರ ದಶಕದ ನಡುವೆ ಪರ್ಸೀನ್ ಬೋಟುಗಳು ಬಂದು, ದಡಕ್ಕೆ ಬರುವ ಮೀನನ್ನು ದೂರದಲ್ಲೇ ಸುತ್ತುವರಿದು ಹಿಡಿಯತೊಡಗಿದವು. ದಡದಲ್ಲಿ ಜಗಳಗಳಾದವು. ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆ ಸೇರಿತು. ಬಲೆ ಎಳೆದವರೇ ಸಾಲ ಮಾಡಿ ಬೋಟಿನ ಪಾಲುದಾರರಾದರು. ನಮ್ಮ ಮನೆಯ ಕಥೆಯೂ ಅದೇ.

ಮಳೆಗಾಲದ ಎರಡು ತಿಂಗಳನ್ನು ದಾಟಿಸುವುದು ಆಗಲೂ ಈಗಲೂ ಹೆಂಗಸರ ಕೆಲಸ. ಏಪ್ರಿಲ್, ಮೇ ತಿಂಗಳಲ್ಲಿ ಮೀನು ಒಣಗಿಸಿ ಕಟ್ಟಿಡಬೇಕು. ಒಣ ಸಿಗಡಿಯ ಚಟ್ನಿ, ಹಲಸಿನ ಬೀಜದ ಜೊತೆ ಒಣ ಸಿಗಡಿ, ಸೌತೆಕಾಯಿಯ ಜೊತೆ ಒಣ ಮೀನು, ಕುಚ್ಚಲಕ್ಕಿ ಗಂಜಿ, ಇಷ್ಟರಲ್ಲಿ ಆಷಾಢ ಕಳೆಯಬೇಕು. ಅಕ್ಕಿಯಂಗಡಿಯ ಲೆಕ್ಕ ಹುಣ್ಣಿಮೆಯ ಮೇಲೆ ಎಂದು ಹೇಳಿ ಬರಬೇಕು. ಈಗ ಉಳಿತಾಯ ಮತ್ತು ಪರಿಹಾರ ಎಂಬ ಯೋಜನೆಯಿದೆ: ಮೀನುಗಾರ ಒಂದಿಷ್ಟು ಕಟ್ಟಿದರೆ ಕೇಂದ್ರ, ರಾಜ್ಯ ಸರಕಾರಗಳು ತಮ್ಮ ಪಾಲು ಸೇರಿಸಿ ಕೆಲಸವಿಲ್ಲದ ತಿಂಗಳುಗಳಲ್ಲಿ ಕೊಡುತ್ತವೆ. ಇಲ್ಲವೆನ್ನುವುದಕ್ಕಿಂತ ವಾಸಿ. ಆದರೆ ಹರಿದ ಬಲೆಗೆ, ಎಂಜಿನ್ ಕೆಲಸಕ್ಕೆ, ಬೋಟಿಗೆ ಬಣ್ಣ ಬಳಿಯುವುದಕ್ಕೆ ಲಕ್ಷಗಟ್ಟಲೆ ಬೇಕು. ಆಗ ಮನೆಯೊಳಗಿನ ಬಂಗಾರ ಹೊರಗೆ ಹೋಗುತ್ತದೆ. ಜೂನ್‌ನಲ್ಲಿ ಅಡವು, ಸೆಪ್ಟೆಂಬರ್‌ನಲ್ಲಿ ಬಿಡುಗಡೆ. ನನ್ನ ತಮ್ಮನ ಹೆಂಡತಿಯ ನಾಲ್ಕು ಬಳೆಗಳು ಅವಳ ಕೈಯಲ್ಲಿದ್ದ ದಿನಕ್ಕಿಂತ ಅಡವಿನ ಪೆಟ್ಟಿಗೆಯಲ್ಲಿದ್ದ ದಿನವೇ ಹೆಚ್ಚು. ಬರಿಗೈ ಕಂಡರೆ ಇದು ಮಳೆಗಾಲ ಎಂದು ತಿಳಿಯಬೇಕು.

ಇನ್ನು ಮಾರತ್ತಹಳ್ಳಿಯ ವಿಷಯ. ಇಲ್ಲಿನ ಮೀನಂಗಡಿಗೆ ರಜೆಯೇ ಇಲ್ಲ. ಆಂಧ್ರದ ಹೊಂಡಗಳಲ್ಲಿ ಬೆಳೆದ ರೋಹು, ಕಾಟ್ಲಾ ವರ್ಷವಿಡೀ ಮಂಜುಗಡ್ಡೆಯ ಮೇಲೆ ಮಲಗಿರುತ್ತವೆ. ಜೂನ್, ಜುಲೈಯಲ್ಲಿ ಕಡಲ ಮೀನಿನ ದರ ಏರಿದಾಗ ಮಾತ್ರ ಅಕ್ಕಪಕ್ಕದ ಮನೆಯವರು ನನ್ನನ್ನು ಹಿಡಿದು ಕೇಳುತ್ತಾರೆ: ‘ಟೀಚರೇ, ನಿಮ್ಮೂರ ಮೀನು ಯಾವಾಗ ಬರುತ್ತೆ?’ ನಾನೇ ಕಡಲಿನ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡವಳ ಹಾಗೆ! ಒಂದು ಅಂಗಡಿಯಲ್ಲಿ ರಾವಸ್ ಮೀನಿನ ಮುಂದೆ ‘ಇಂಡಿಯನ್ ಸಾಲ್ಮನ್’ ಎಂದು ಬರೆದ ಹಲಗೆ ಕಂಡೆ. ರಾವಸ್ ರುಚಿಯಾದ ಮೀನು, ಒಪ್ಪಿದೆ. ಆದರೆ ಅದಕ್ಕೂ ಸಾಲ್ಮನ್‌ಗೂ ನೆಂಟಸ್ತಿಕೆಯಿಲ್ಲ. ಇಂಗ್ಲಿಷಿನವರು ತಮ್ಮ ಊರಿನ ನೆನಪಿಗೆ ಸಿಕ್ಕ ಸಿಕ್ಕ ಮೀನಿಗೆಲ್ಲ ಅದೇ ಹೆಸರಿಟ್ಟು ಹೋದರು.

ನಿಜವಾದ ಸಾಲ್ಮನ್ ವಿಷಯ ನನಗೆ ತಿಳಿದದ್ದು ಹಳೆಯ ವಿದ್ಯಾರ್ಥಿನಿಯೊಬ್ಬಳಿಂದ. ಅವಳು ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೋ ನದಿಯ ಹತ್ತಿರ ಮನೆ ಮಾಡಿದ್ದಾಳೆ. ಆ ಮೀನು ಹುಟ್ಟುವುದು ಹೊಳೆಯಲ್ಲಿ, ಬೆಳೆಯುವುದು ಕಡಲಿನಲ್ಲಿ. ಮೂರು ನಾಲ್ಕು ವರ್ಷಕ್ಕೆ ಮೊಟ್ಟೆಯಿಡಲು ತಾನು ಹುಟ್ಟಿದ ಹೊಳೆಗೇ ಹುಡುಕಿಕೊಂಡು ಬರುತ್ತದೆ. ಬಾಣಂತನಕ್ಕೆ ತವರಿಗೆ ಬಂದ ಹಾಗೆ. ಬರ ಬಿದ್ದು ನೀರು ಕಡಿಮೆಯಾಗಿ ಬಿಸಿಯಾದರೆ ಮೊಟ್ಟೆಗಳು ಅಲ್ಲೇ ಸಾಯುತ್ತವೆ. ಹಾಗಾಗಿ ಅಲ್ಲಿ ಪ್ರತಿ ವಸಂತದಲ್ಲಿ ಕಡಲಿನಲ್ಲಿ ಎಷ್ಟು ಮೀನು ಇರಬಹುದು, ಎಷ್ಟು ಹೊಳೆಗೆ ಮರಳಬಹುದು ಎಂದು ಅಂದಾಜು ಮಾಡಿ, ಆಮೇಲೆ ಸೀಸನ್ ತೆರೆಯಬೇಕೋ ಬೇಡವೋ ತೀರ್ಮಾನಿಸುತ್ತಾರೆ. 2023ರಲ್ಲಿ ತೆರೆಯಲಿಲ್ಲ. 2024ರಲ್ಲೂ ಇಲ್ಲ. 2025ರಲ್ಲಿ ಮಾರಾಟಕ್ಕೆ ಹಿಡಿಯುವವರಿಗೆ ಮೂರನೆಯ ವರ್ಷವೂ ಬಾಗಿಲು ಮುಚ್ಚಿತು. ‘ಮಿಸ್, ಇಲ್ಲೂ ದಕ್ಕೆಯಲ್ಲಿ ಬೋಟುಗಳು ಸುಮ್ಮನೆ ನಿಂತಿವೆ’ ಎಂದು ಅವಳು ಫೋನಿನಲ್ಲಿ ಹೇಳಿದಾಗ ಅಷ್ಟು ದೂರದ ಊರು ನನಗೆ ಗಂಗೊಳ್ಳಿಯ ಆಚೆ ದಡದಷ್ಟು ಹತ್ತಿರವೆನಿಸಿತು.

ಒಂದು ವ್ಯತ್ಯಾಸವಿದೆ. ಅಲ್ಲಿ ಮೊದಲು ಮೀನು ಲೆಕ್ಕ ಹಾಕಿ ಆಮೇಲೆ ಬಾಗಿಲು ತೆಗೆಯುತ್ತಾರೆ. ನಾವು ತಾರೀಖು ನೋಡಿ ಬಾಗಿಲು ತೆಗೆದು ಆಮೇಲೆ ಮೀನು ಲೆಕ್ಕ ಹಾಕುತ್ತೇವೆ. ಬೂತಾಯಿಯ ಕಥೆ ನೋಡಿ. ನಮ್ಮ ಕಡೆ ಬೈಗೆ ಎನ್ನುವ ಈ ಮೀನು ಬಡವರ ಮೀನು. ಹೆಚ್ಚಾದಾಗ ತೆಂಗಿನ ಬುಡಕ್ಕೂ ಹಾಕುತ್ತಿದ್ದರು. 2012ರಲ್ಲಿ ಇಡೀ ದೇಶದಲ್ಲಿ 7 ಲಕ್ಷ ಟನ್ನಿಗೂ ಮೀರಿ ಸಿಕ್ಕಿತು. ಆಮೇಲೆ ಇಳಿಯಿತು ನೋಡಿ. ಪಕ್ಕದ ಕೇರಳದಲ್ಲಿ 2021ರಲ್ಲಿ ಸಿಕ್ಕಿದ್ದು ಬರೀ ಸುಮಾರು 3,300 ಟನ್. ಕೊಚ್ಚಿಯ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಕಡಲು ಬಿಸಿಯಾದದ್ದನ್ನೂ ಹೇಳಿದರು, ಸಿಕ್ಕಾಗ ಮಿತಿಯಿಲ್ಲದೆ ಹಿಡಿದದ್ದನ್ನೂ ಹೇಳಿದರು. ಬೆಳಕು ಹಾಯಿಸಿ ಮೀನು ಹಿಡಿಯುವುದನ್ನು ಕೇಂದ್ರ ಸರಕಾರ 2017ರಲ್ಲಿ ನಿಷೇಧಿಸಿತು. ಆದರೂ ರಾತ್ರಿ ಕಡಲಿನಲ್ಲಿ ದೀಪ ಕಂಡಿತು ಎಂಬ ಜಗಳ ನಿಂತಿಲ್ಲ. ಬಾಗಿಲು ತೆರೆಯುತ್ತದೆ ನಿಜ, ಆದರೆ ಒಳಗೆ ಏನಿದೆ?

ನಮ್ಮ ಮನೆಗೆ ಈ ಪ್ರಶ್ನೆ ಬಂದು ಕುಳಿತದ್ದು 2023ರ ಜುಲೈಯಲ್ಲಿ. ತಮ್ಮನ ಮಗ ಡಿಪ್ಲೊಮಾ ಮುಗಿಸಿ, ಎರಡು ವರ್ಷ ಅಪ್ಪನ ಜೊತೆ ಬೋಟಿಗೆ ಹೋಗಿ, ಆ ಮಳೆಗಾಲದ ರಜೆಯಲ್ಲಿ ನಮ್ಮಲ್ಲಿಗೆ ಬಂದಿದ್ದ. ಹೊರವರ್ತುಲ ರಸ್ತೆಯ ಒಂದು ಕಂಪನಿಯಲ್ಲಿ ಅವನಿಗೆ ಕೆಲಸ ಸಿಕ್ಕಿತು. ಆಗಸ್ಟ್ 3ರಂದು ಬಂದು ಸೇರು ಎಂದರು. ಅತ್ತ ಬೋಟು ಆಗಸ್ಟ್ 1ಕ್ಕೆ ತಯಾರಾಗುತ್ತಿತ್ತು. ಹುಡುಗ ಮಹಡಿಯ ಮೇಲೆ ನಿಂತು ಮೊಬೈಲಿನಲ್ಲಿ ಗಾಳಿ ಮಳೆಯ ನಕ್ಷೆ ನೋಡುವುದು, ಕೆಳಗೆ ಬಂದು ಕಂಪನಿಯ ಕಾಗದ ನೋಡುವುದು, ಹೀಗೆ ಒಂದು ವಾರ ಕಳೆದ. ಆ ತಿಂಗಳು ಉಡುಪಿ ಜಿಲ್ಲೆಯಲ್ಲಿ ಬಿದ್ದ ಮಳೆ ನಿಮಗೂ ನೆನಪಿರಬಹುದು. ತಮ್ಮನಿಗೆ ಫೋನ್ ಮಾಡಿದರೆ ಮಳೆಯ ಸದ್ದಿನಲ್ಲಿ ಅವನ ಮಾತೇ ಕೇಳುತ್ತಿರಲಿಲ್ಲ. ‘ಒಂದನೇ ತಾರೀಕಿಗೆ ಹೊರಡ್ತೀಯಾ?’ ಎಂದರೆ, ‘ಕಾಂಬ ಅಕ್ಕ’ ಎನ್ನುತ್ತಿದ್ದ. ‘ಮಗನನ್ನು ಕಳಿಸಲಾ, ಇಲ್ಲೇ ಇರಲಾ?’ ಎಂದರೂ, ‘ಕಾಂಬ’.

ಅವನ ಹೆಂಡತಿ ಬೇರೆಯಾಗಿ ಫೋನ್ ಮಾಡಿದಳು. ಅವಳು ಕುಂದಾಪುರದ ಮಾರುಕಟ್ಟೆಯಲ್ಲಿ ಕುಳಿತು ಮೀನು ಮಾರುವವಳು, ಗಟ್ಟಿ ಹೆಣ್ಣು. ಆವತ್ತು ದನಿ ತಗ್ಗಿಸಿ, ‘ಅಕ್ಕಾ, ಅವ ಅಲ್ಲೇ ಇರ್ಲಿ. ನಾ ಹೇಳ್ದೆ ಅಂತ ಇವ್ರಿಗೆ ಹೇಳ್ಬೇಡಿ’ ಎಂದಳು. ಯಾಕೆ ಎಂದು ನಾನು ಕೇಳಲಿಲ್ಲ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಏಳು ಜನರೊಂದಿಗೆ ಕಾಣೆಯಾಯಿತಲ್ಲ, ಅಂದಿನಿಂದ ಕರಾವಳಿಯ ತಾಯಂದಿರು ಮಾತಿನ ನಡುವೆ ನಿಲ್ಲಿಸಿಬಿಡುವ ಒಂದು ಜಾಗ ಇದೆ. 2019ರ ಮೇ ತಿಂಗಳಲ್ಲಿ ನೌಕಾಪಡೆಯವರು ಮಹಾರಾಷ್ಟ್ರದ ಮಾಲ್ವಣದ ಕಡಲಿನ ತಳದಲ್ಲಿ ಆ ಬೋಟಿನ ಅವಶೇಷ ಕಂಡರು. ಬೋಟು ಸಿಕ್ಕಿತು, ಮನುಷ್ಯರು ಸಿಗಲಿಲ್ಲ. ಅದೇ ವರ್ಷ ಅಕ್ಟೋಬರ್‌ನಲ್ಲಿ ಕ್ಯಾರ್ ಚಂಡಮಾರುತ ಬಂದಾಗ ಬೋಟುಗಳು ಕಾರವಾರದ ಬಂದರಿನಲ್ಲಿ ಆಸರೆ ಪಡೆದವು. ಅರಬ್ಬೀ ಕಡಲು ಹಿಂದೆ ಇಷ್ಟು ಸಲ ಸಿಟ್ಟಾಗುತ್ತಿರಲಿಲ್ಲ ಎಂದು ಹಿರಿಯರೂ ಹೇಳುತ್ತಾರೆ, ಹವಾಮಾನದವರೂ ಹೇಳುತ್ತಾರೆ. ರಜೆ ಮುಗಿದ ಮೇಲೂ ಸೀಸನ್ನಿನ ನಡುವೆ ದಿನಗಟ್ಟಲೆ ಬಾಗಿಲು ಮುಚ್ಚುತ್ತದೆ, ತೆರೆಯುತ್ತದೆ, ಮತ್ತೆ ಮುಚ್ಚುತ್ತದೆ.

ಒಂದು ರಾತ್ರಿ ಹುಡುಗ ನನ್ನೆದುರು ಕುಳಿತು, ‘ಅತ್ತೆ, ನೀವೇ ಹೇಳಿ’ ಎಂದ. ತರಗತಿಯಲ್ಲಿ ನಲವತ್ತು ಮಕ್ಕಳ ಪ್ರಶ್ನೆಗೆ ನಿಂತಲ್ಲೇ ಉತ್ತರ ಕೊಡುವ ನನಗೆ ಆವತ್ತು ಮಾತು ಹೊರಡಲಿಲ್ಲ. ಬೋಟಿಗೆ ಹೋಗು ಎಂದರೆ ಅವನ ತಾಯಿಯ ನಿದ್ದೆ ನನ್ನ ಲೆಕ್ಕಕ್ಕೆ ಬರುತ್ತದೆ. ಇಲ್ಲೇ ಇರು ಎಂದರೆ ಅಪ್ಪಯ್ಯನ ಕಾಲದಿಂದ ಬಂದ ಒಂದು ಹಗ್ಗವನ್ನು ನಾನೇ ಕತ್ತರಿಸಿದಂತೆ. ‘ನಿನಗೆ ಕಡಲು ಅಂದರೆ ಇಷ್ಟವೇನೋ?’ ಎಂದು ಮಾತ್ರ ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇಷ್ಟ ಅತ್ತೆ. ಆದರೆ ಅದಕ್ಕೆ ನಾವು ಇಷ್ಟವೋ ಇಲ್ಲವೋ ಪ್ರತಿ ವರ್ಷ ಕಾಯುವುದು ಕಷ್ಟ’ ಎಂದ.

ಅವನು ಕಂಪನಿ ಸೇರಿದ. ತಮ್ಮನ ಬೋಟಿಗೆ ಜಾರ್ಖಂಡಿನ ಹುಡುಗನೊಬ್ಬ ಕಲಾಸಿಯಾಗಿ ಬಂದ. ಈಗ ನಮ್ಮ ದಕ್ಕೆಗಳಲ್ಲಿ ಒಡಿಶಾ, ಜಾರ್ಖಂಡ್, ಆಂಧ್ರದ ಹುಡುಗರೇ ಬಹಳ. ನಮ್ಮ ಮಕ್ಕಳು ಮಾರತ್ತಹಳ್ಳಿಗೆ, ಅವರ ಮಕ್ಕಳು ಗಂಗೊಳ್ಳಿಗೆ. ಆ ಹುಡುಗನ ತಾಯಿಯೂ ಎಲ್ಲೋ ಕಡಲನ್ನೇ ಕಾಣದ ಊರಿನಲ್ಲಿ ಕುಳಿತು ಫೋನಿಗೆ ಕಾಯುತ್ತಿರಬೇಕು. ಮಗ ಉಳಿದನೆಂದು ಸಮಾಧಾನಪಟ್ಟ ನಮ್ಮ ಮನೆಯ ತಾಯಿ, ಆ ಹುಡುಗನಿಗೆ ಬುತ್ತಿ ಕಟ್ಟಿ ಕೊಡುವಾಗ ಎರಡು ಮೀನು ಹೆಚ್ಚು ಹಾಕುತ್ತಾಳಂತೆ. ಅದರ ಅರ್ಥ ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆ ವರ್ಷ ಆಗಸ್ಟ್‌ನಲ್ಲಿ ಮಳೆಯೇ ಕೈಕೊಟ್ಟಿತು. ದೇಶದಲ್ಲಿ ನೂರಕ್ಕೂ ಹೆಚ್ಚು ವರ್ಷಗಳಲ್ಲೇ ಅಷ್ಟು ಒಣ ಆಗಸ್ಟ್ ಇರಲಿಲ್ಲ ಎಂದು ವರದಿಯಾಯಿತು. ರೈತರಿಗೆ ಅದು ಬರ. ಕಡಲಿಗೆ ಮಾತ್ರ ಶಾಂತಿ. ತಮ್ಮನ ಬೋಟು ಎರಡನೆಯ ವಾರ ಅಳಿವೆ ದಾಟಿತು. ಮೊದಲ ಸಲ ಡೀಸೆಲಿನ ಖರ್ಚು ಹುಟ್ಟಲಿಲ್ಲ. ಎರಡನೆಯ ಸಲ ಬಂಗುಡೆ ಸಿಕ್ಕಿತು. ಸೆಪ್ಟೆಂಬರ್ ಕೊನೆಗೆ ನಾಲ್ಕು ಬಳೆಗಳಲ್ಲಿ ಎರಡು ಮನೆಗೆ ಬಂದವು. ಉಳಿದೆರಡನ್ನು ಬಿಡಿಸಿದ್ದು ಮಗನ ಸಂಬಳ.

ನಮ್ಮ ಶಾಲೆಯ ಮಕ್ಕಳು ಕೇಳಿದ ಒಂದು ಪ್ರಶ್ನೆಯನ್ನೂ ಇಲ್ಲಿ ಹೇಳಬೇಕು. ‘ಮಿಸ್, ನಮ್ಮ ಬೆಳ್ಳಂದೂರು ಕೆರೆಯಲ್ಲಿ ಮೀನು ಸೀಸನ್ ಯಾವಾಗ?’ ಎಂದು ಒಬ್ಬ ಹುಡುಗ ಕೇಳಿದ. ತರಗತಿಯೆಲ್ಲ ನಕ್ಕಿತು. ಆ ಕೆರೆಯ ನೊರೆ ರಸ್ತೆಗೆ ಹಾರಿದ್ದನ್ನು, 2018ರ ಜನವರಿಯಲ್ಲಿ ಅಲ್ಲಿ ಬಿದ್ದ ಬೆಂಕಿ ಆರಿಸಲು ಸೈನಿಕರು ಸಾವಿರಗಟ್ಟಲೆ ಬಂದದ್ದನ್ನು ಅವರ ತಂದೆತಾಯಿಗಳು ಕಂಡಿದ್ದಾರೆ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸತ್ತ ಮೀನು ರಾಶಿರಾಶಿಯಾಗಿ ತೇಲಿದ್ದೂ ಉಂಟು. ಬೆಳ್ಳಂದೂರು, ವರ್ತೂರು ಕೆರೆಗಳ ಹೂಳು ತೆಗೆಯುವ ಕೆಲಸ ವರ್ಷಗಟ್ಟಲೆ ನಡೆಯಿತು. ನಕ್ಕ ಮಕ್ಕಳಿಗೆ ನಾನು ಹೇಳಿದೆ: ‘ಇವನು ಕೇಳಿದ್ದು ತಮಾಷೆಯಲ್ಲ. ಇಲ್ಲೂ ಒಂದು ಕಾಲಕ್ಕೆ ಬಲೆ ಬೀಸಿದವರಿದ್ದರು. ಆಮೇಲೆ ಯಾವಾಗ ಎಂದು ಕೇಳುವವರೇ ಇಲ್ಲವಾದರು.’ ಕಡಲಿನವರು ಪ್ರತಿ ವರ್ಷ ಸಂಕಟಪಡುತ್ತಾರೆ ನಿಜ, ಆದರೆ ಅವರು ಕೇಳುವುದನ್ನು ಬಿಟ್ಟಿಲ್ಲ. ತೆರೆಯುತ್ತದೆಯೋ ಇಲ್ಲವೋ ಎಂದು ಜನ ನಿದ್ದೆಗೆಡುವ ತನಕ ನೀರಿಗೆ ಒಂದು ವಾರಸುದಾರಿಕೆ ಇರುತ್ತದೆ. ಕೆರೆಯನ್ನು ಯಾರೂ ಕೇಳದೇ ಹೋದರು. ಆ ಹುಡುಗ ಕೇಳಿದ, ಅದೇ ನನಗೆ ಸಂತೋಷ.

ತಮ್ಮನ ಮಗ ಈಗ ನಮ್ಮ ಮನೆಯಿಂದ ಎರಡು ರಸ್ತೆ ಆಚೆ ಬಾಡಿಗೆಗಿದ್ದಾನೆ. ಅವನ ಕಂಪನಿಗೂ ಕಡಲಿಗೂ ಏನೂ ಸಂಬಂಧವಿಲ್ಲ. ಆದರೆ ಜುಲೈ 31ರ ರಾತ್ರಿ ನಮ್ಮಲ್ಲಿಗೆ ಊಟಕ್ಕೆ ಬರುತ್ತಾನೆ. ಸೌತೆಕಾಯಿ, ಒಣ ಸಿಗಡಿಯ ಸಾರು ಮಾಡಿರುತ್ತೇನೆ. ಊಟವಾದ ಮೇಲೆ ಅಪ್ಪನಿಗೆ ಫೋನ್ ಹಚ್ಚಿ, ಗಾಳಿ ಹೇಗಿದೆ, ಅಳಿವೆ ಹೇಗಿದೆ, ಜನ ಬಂದರಾ ಎಂದು ಒಂದೊಂದಾಗಿ ಕೇಳುತ್ತಾನೆ. ನಾನು ಪಾತ್ರೆ ತೊಳೆಯುತ್ತ ಆ ಕಡೆಯ ಉತ್ತರಕ್ಕೆ ಕಿವಿಗೊಡುತ್ತೇನೆ. ಅದು ಏನಿರುತ್ತದೆ ಎಂದು ನಿಮಗೂ ಈಗ ಗೊತ್ತು.